ಮನೆಯಲ್ಲಿ ಭಾವಗೀತೆ ಹಾಡೋಕೆ ದೊಡ್ಡ ಡಯಾಫ್ರಮ್ ಮೈಕ್, 25 ಸಾವಿರದೊಳಗೆ ಯಾವುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವಳು, ಸುಗಮ ಸಂಗೀತ ಹಾಡ್ತೀನಿ. ಇಷ್ಟು ದಿನ ಮೊಬೈಲಿಗೇ ಹಾಡಿ ಹಾಕ್ತಿದ್ದೆ. ಈಗ ಎರಡು ಇನ್‌ಪುಟ್ ಇರೋ ಇಂಟರ್‌ಫೇಸ್ ತಗೊಂಡಿದೀನಿ, ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆ ಅದು, ಮೈಕಿಗೆ ಕರೆಂಟ್ ಕೊಡೋ 48 ವೋಲ್ಟ್ ಬಟನ್ ಇದೆ. ಮೈಕಿಗೆ ಅಂತ 25 ಸಾವಿರ ಎತ್ತಿಟ್ಟಿದೀನಿ.

ಅಂಗಡಿಯವರು "ದೊಡ್ಡ ಡಯಾಫ್ರಮ್ ತಗೊಳ್ಳಿ ಮೇಡಂ, ಸ್ಟುಡಿಯೋದಲ್ಲಿ ಅದೇ ಇರೋದು" ಅಂತಾರೆ. ಎಟಿ2020, ಎಟಿ2035, ರೋಡ್ ಎನ್‌ಟಿ1, ಎಸ್‌ಎಂ7ಬಿ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ತಲೆ ಕೆಟ್ಟಿದೆ. ನನ್ನ ದನಿ ಸ್ವಲ್ಪ ತೆಳು. ಸ, ಶ, ಚ ಬಂದಾಗ ಕಿವಿಗೆ ಚುಚ್ಚುತ್ತೆ ಅಂತ ಕೇಳಿದವರೇ ಹೇಳಿದಾರೆ. ರೂಮು 10 ಅಡಿ 12 ಅಡಿ, ಕೆಂಪು ಗಾರೆ ನೆಲ, ಮೇಲೆ ಹಂಚು. ಇನ್ನೊಂದು ಭಯ, ನಮ್ಮ ಮಳೆಗಾಲಕ್ಕೆ ಇಂಥ ಮೈಕ್ ತಡೆಯುತ್ತಾ?

ಶ್ರುತಿಪೆಟ್ಟಿಗೆ

ಮೊದಲು "ದೊಡ್ಡದು" ಅಂದರೆ ಏನು ಅಂತ ನೋಡೋಣ. ಮೈಕಿನ ಮೈ ದಪ್ಪ ಇರೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಜಾಲರಿ ಒಳಗೆ ಚಿನ್ನದ ಲೇಪ ಇರೋ ತೆಳು ಪ್ಲಾಸ್ಟಿಕ್ ಪೊರೆ ಇರುತ್ತೆ. ಅದರ ಅಡ್ಡಳತೆ ಒಂದು ಇಂಚಿನ ಆಸುಪಾಸು ಇದ್ದರೆ ದೊಡ್ಡ ಡಯಾಫ್ರಮ್ ಅನ್ನೋದು ವಾಡಿಕೆ. ನೀವು ಹೇಳಿದ ಪಟ್ಟಿಯಲ್ಲಿ ಎಟಿ2020ರ ಪೊರೆ 16 ಮಿ.ಮೀ., ಅದು ಮಧ್ಯಮ. ಎಸ್‌ಎಂ7ಬಿ ಕಂಡೆನ್ಸರೇ (ಕರೆಂಟ್ ಬೇಕಾದ ಸೂಕ್ಷ್ಮ ಮೈಕ್) ಅಲ್ಲ, ಡೈನಮಿಕ್ (ಪೊರೆಗೆ ಅಂಟಿದ ತಂತಿ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ಸಿಗ್ನಲ್ ಕೊಡೋ ಮೈಕ್).

ಪೊರೆ ದೊಡ್ಡದಾದಷ್ಟೂ ಅದರ ಮೇಲೆ ಬೀಳೋ ಒಟ್ಟು ಬಲ ಜಾಸ್ತಿ, ಹುಟ್ಟೋ ಸಿಗ್ನಲ್ ಜಾಸ್ತಿ. ಹಾಗಾಗಿ ಮೈಕ್ ತಾನೇ ಮಾಡೋ "ಸ್‌ಸ್" ಸದ್ದು ಕಡಿಮೆ. ಕಂಪನಿಗಳು ಕೊಡೋ ಲೆಕ್ಕ ನೋಡಿ: ಎಟಿ2020ಗೆ 20 ಡಿಬಿ, ಎಟಿ2035ಗೆ 12, ಹೊಸ ಎನ್‌ಟಿ1ಗೆ ಬರೀ 4. ಆದರೆ ಫ್ಯಾನ್ ಆಫ್ ಮಾಡಿದ ಮನೆ ರೂಮಿನ ಸದ್ದೇ 30 ಡಿಬಿ ದಾಟುತ್ತೆ. ಅಲ್ಲಿ 4ಕ್ಕೂ 12ಕ್ಕೂ ಇರೋ ವ್ಯತ್ಯಾಸ ಕೇಳಿಸೋದೇ ಕಷ್ಟ. ಯೂಟ್ಯೂಬಲ್ಲಿ ಈ ಒಂದು ನಂಬರ್ ಹಿಡ್ಕೊಂಡು ಗಂಟೆಗಟ್ಟಲೆ ಜಗಳ ಆಡ್ತಾರೆ, ಹಿಂದೆ ಫ್ರಿಜ್ ಗುಂಯ್ ಅಂತಿರುತ್ತೆ.

ನಿಮಗೆ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಸುಮಾರು 13 ಕಿಲೋಹರ್ಟ್ಸ್ ದನಿಯ ಅಲೆ ಉದ್ದ ಕೂಡ ಒಂದು ಇಂಚೇ. ಅಲೆಯಷ್ಟೇ ಅಗಲದ ಪೊರೆಗೆ ಅಂಥ ದನಿ ನೇರ ಎದುರಿಂದ ಬಂದರೆ ಪೂರ್ತಿ ಸಿಗುತ್ತೆ, ಓರೆಯಾಗಿ ಬಂದರೆ ಒಂದಷ್ಟು ಕಳೆದುಹೋಗುತ್ತೆ. ಅಂದರೆ ದೊಡ್ಡ ಡಯಾಫ್ರಮ್ ಮೈಕನ್ನ ಸ್ವಲ್ಪ ತಿರುಗಿಸಿದರೆ ನಿಮ್ಮ ಸಕಾರ ಶಕಾರ ತಾನಾಗೇ ಮೆತ್ತಗಾಗುತ್ತೆ. ಸಣ್ಣ ಪೊರೆಯಲ್ಲಿ ಈ ಅನುಕೂಲ ಅಷ್ಟಿಲ್ಲ.

ದುಡ್ಡು ಕೊಡೋ ಮುಂಚೆ ಮೂರು ವಿಷಯ ತಿಳಿಸಿ. ಯಾವ ಹೊತ್ತಲ್ಲಿ ರೆಕಾರ್ಡ್ ಮಾಡ್ತೀರಿ? ಶ್ರುತಿ ಸ್ಪೀಕರಿಂದ ಕೇಳ್ತೀರೋ ಹೆಡ್‌ಫೋನಿಂದಲೋ? ಮೈಕಿಗೂ ಬಾಯಿಗೂ ಎಷ್ಟು ದೂರ ಬಿಡ್ತೀರಿ?

ಹುಬ್ಬಳ್ಳಿ_ಹಾರ್ಮೋನಿ

ನಾ ಅಂತೂ ಡೈನಮಿಕ್ ಪಾರ್ಟಿ ರೀ. ಕಂಡೆನ್ಸರ್ ಇಟ್ರ ಓಣ್ಯಾಗಿನ ನಾಯಿ, ಮಗ್ಗಲ ಮನಿ ಕುಕ್ಕರ್ ಸೀಟಿ, ಎಲ್ಲಾ ನಿಮ್ಮ ಜೋಡಿ ಹಾಡ್ತಾವ. ಎಸ್‌ಎಂ7ಬಿ ತಗೋರಿ, ಬಾಯಿ ಹತ್ರ ಇಟ್ಕೊಂಡು ಹಾಡ್ರಿ, ಮುಗೀತು. ಮೈಕಲ್ ಜಾಕ್ಸನ್ 1982ರ ಆಲ್ಬಮ್‌ನಾಗ ಅದರ ಅಣ್ಣ ಎಸ್‌ಎಂ7 ಮುಂದನ ನಿಂತು ಹಾಡ್ಯಾನ. ಆತಗ ಸಾಕಾತು, ನಮಗ ಸಾಲಂಗಿಲ್ಲೇನ್ರೀ? ರೂಮಿಗೆ ಫೋಮ್ ಬ್ಯಾಡ, ಏನೂ ಬ್ಯಾಡ.

ಶ್ರುತಿಪೆಟ್ಟಿಗೆ

@ಹುಬ್ಬಳ್ಳಿ_ಹಾರ್ಮೋನಿ ಅಣ್ಣಾ, ಮೈಕ್ ಒಳ್ಳೇದೇ, ನನ್ನ ಹತ್ರಾನೂ ಇದೆ. ಈ ಅಕ್ಕನಿಗೆ ಬೇಡ ಅನ್ನೋಕೆ ಕಾರಣ ಇದೆ.

ಒಂದೇ ಜೋರಿನ ದನಿಗೆ ಎನ್‌ಟಿ1-ಎ ಸುಮಾರು 25 ಮಿಲಿವೋಲ್ಟ್ ಕೊಡುತ್ತೆ. ಎಸ್‌ಎಂ7ಬಿ ಕೊಡೋದು 1.12. ಅಂದರೆ 27 ಡಿಬಿ ಕಡಿಮೆ. ಶೂರ್ ಕಂಪನಿಯೇ ಅದಕ್ಕೆ ಕನಿಷ್ಠ 60 ಡಿಬಿ ಗೇನ್ (ಸಿಗ್ನಲ್ ದೊಡ್ಡದು ಮಾಡೋದು) ಬೇಕು ಅನ್ನುತ್ತೆ. ರಾಕ್ ಹಾಡೋನಿಗೆ, ತುಟಿ ಹಚ್ಚಿ ಮಾತಾಡೋ ಪಾಡ್‌ಕಾಸ್ಟಿನವರಿಗೆ ಅಷ್ಟು ಸಾಕು. ಭಾವಗೀತೆಯ ಮೊದಲ ಚರಣ, ಉಸಿರಲ್ಲೇ ಹಾಡೋ ಸಾಲು, ಅದಕ್ಕೆ ಇನ್ನೂ ಮೇಲೆ ಏರಿಸಬೇಕು. ಅಗ್ಗದ ಇಂಟರ್‌ಫೇಸಲ್ಲಿ ಕೊನೇವರೆಗೂ ತಿರುಗಿಸಿದರೆ ಪ್ರಿಆಂಪಿನ (ಸಿಗ್ನಲ್ ದೊಡ್ಡದು ಮಾಡೋ ಭಾಗದ) ಸದ್ದೇ ಮೇಲೆ ಬರುತ್ತೆ. ಜೊತೆಗೆ ಬೂಸ್ಟರ್ ತಗೊಳ್ಳಿ ಅಂತೀರಿ. ಮೈಕೇ ಇವರ ಬಜೆಟ್ ದಾಟುತ್ತೆ, ಬೂಸ್ಟರ್ ಎಲ್ಲಿಂದ?

"ಡೈನಮಿಕ್ ರೂಮ್ ಹಿಡಿಯಲ್ಲ" ಅನ್ನೋ ಮಾತು ಎಲ್ಲಾ ಕಡೆ ಓಡಾಡುತ್ತೆ. ಎರಡೂ ಕಾರ್ಡಿಯಾಯ್ಡ್ (ಮುಂದಿನದು ಹೆಚ್ಚು, ಹಿಂದಿನದು ಕಡಿಮೆ ಕೇಳೋ ಮೈಕ್) ಆಗಿದ್ದು, ಎರಡನ್ನೂ ಬಾಯಿಂದ ಒಂದೇ ದೂರದಲ್ಲಿಟ್ಟು, ಒಂದೇ ಲೆವೆಲ್ಲಿಗೆ ತಂದು ಕೇಳಿ. ನಿಮ್ಮ ದನಿಗೂ ರೂಮಿನ ದನಿಗೂ ಇರೋ ಅನುಪಾತ ಹತ್ತಿರ ಹತ್ತಿರ ಒಂದೇ. ಡೈನಮಿಕ್ಕಿಗೆ ಬಾಯಿ ಅಂಟಿಸಿ ಹಾಡ್ತೀವಿ, ಕಂಡೆನ್ಸರಿಗೆ ಒಂದೂವರೆ ಅಡಿ ದೂರ ನಿಲ್ತೀವಿ, ಬೈಗುಳ ಮಾತ್ರ ಮೈಕಿಗೆ.

ಹುಬ್ಬಳ್ಳಿ_ಹಾರ್ಮೋನಿ

ಲೆಕ್ಕ ಖರೆ ಐತಿ ರೀ. ಆದ್ರ ನಮ್ಮ ಮನಿ ಬಸ್ ಸ್ಟ್ಯಾಂಡ್ ಎದುರಿಗೈತಿ, ನಾ ಬಾಯಿ ಅಂಟಿಸೇ ಹಾಡಾಂವ. ನನ್ನ ವೋಟ್ ಅದಕ್ಕ.

ರಾಯಚೂರ್_ರ‍್ಯಾಪರ್

ಒಂದು ಡೌಟ್. ಸಿನಿಮಾ ಹಾಡಿನ ವಿಡಿಯೋದಲ್ಲೆಲ್ಲಾ ನ್ಯೂಮನ್ ಯು 87 ಕಾಣಿಸುತ್ತೆ, ಅದು ಲಕ್ಷಗಟ್ಟಲೆ. ಆನ್‌ಲೈನಲ್ಲಿ "ಯು 87 ಮಾದರಿ ಕ್ಯಾಪ್ಸೂಲ್" (ಪೊರೆ ಕೂರಿಸಿದ ಬಿಲ್ಲೆ) ಅಂತ 6-7 ಸಾವಿರಕ್ಕೆ ಮೈಕ್ ಸಿಗುತ್ತೆ, ನೋಡೋಕೂ ಥೇಟ್ ಹಂಗೇ ಇದೆ. ಕ್ಯಾಪ್ಸೂಲ್ ಅದೇ ಅಂದ್ರೆ ಸೌಂಡೂ ಅದೇ ಅಲ್ವಾ? ಉಳಿದದ್ದು ಬ್ರ್ಯಾಂಡಿನ ದುಡ್ಡು ಅಲ್ವಾ?

ಬೆಸುಗೆ_ಭಟ್ರು

ಈ ಪ್ರಶ್ನೆಗೇ ಕಾಯ್ತಿದ್ದೆ. ತುಂಗಾತೀರ ಅವರ ಸಕಾರದ ಗೋಳಿಗೂ ಉತ್ತರ ಇಲ್ಲೇ ಇದೆ. ಸ್ವಲ್ಪ ಉದ್ದ ಆಗ್ತದೆ, ಓದಿ.

1960ರಲ್ಲಿ ನ್ಯೂಮನ್ ಯು 67 ಅಂತ ವಾಲ್ವ್ (ಹಳೇ ರೇಡಿಯೋದಲ್ಲಿರೋ ಥರದ ಗಾಜಿನ ಕೊಳವೆ) ಮೈಕ್ ತಂದರು. ಅದರ ಕ್ಯಾಪ್ಸೂಲ್ ಹೆಸರು ಕೆ67. ಈ ಕ್ಯಾಪ್ಸೂಲನ್ನ ಬಿಡಿಯಾಗಿ ಅಳೆದರೆ ಮೇಲಿನ ದನಿಗಳಲ್ಲಿ, 10 ಕಿಲೋಹರ್ಟ್ಸ್ ಸುತ್ತಮುತ್ತ, ದೊಡ್ಡ ಗುಡ್ಡ ಕಾಣ್ತದೆ. ಅದು ತಪ್ಪಿ ಆದದ್ದಲ್ಲ. ಒಳಗಿನ ಸರ್ಕ್ಯೂಟಿನಲ್ಲಿ ಅದೇ ಜಾಗವನ್ನ ಅಷ್ಟೇ ತಗ್ಗಿಸೋ ವ್ಯವಸ್ಥೆ ಇಟ್ಟೇ ಮಾಡಿದ್ದು. ಗುಡ್ಡಕ್ಕೂ ತಗ್ಗಿಗೂ ಸರಿಹೋಗಿ ಕೊನೆಗೆ ಹೊರಗೆ ಬರೋದು ಸಮ. ಸರ್ಕ್ಯೂಟಿನ ಸದ್ದು ಕೂಡ ಆ ತಗ್ಗಿನ ಜೊತೆ ಇಳಿಯೋದು ಲಾಭ. 1967ರಲ್ಲಿ ವಾಲ್ವ್ ತೆಗೆದು ಟ್ರಾನ್ಸಿಸ್ಟರ್ ಹಾಕಿ ಯು 87 ಮಾಡಿದಾಗಲೂ ಇದೇ ಲೆಕ್ಕ ಇಟ್ಟುಕೊಂಡರು.

ಈಗ ಅಗ್ಗದ ಮೈಕುಗಳ ಕತೆ. ಚೀನಾದ ಕಾರ್ಖಾನೆಗಳು ಕೆ67 ಮಾದರಿಯ ಕ್ಯಾಪ್ಸೂಲನ್ನ ಚೆನ್ನಾಗೇ ಮಾಡ್ತವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅವನ್ನ ಜೋಡಿಸೋದು ಷೋಪ್ಸ್ ಕಂಪನಿಯ ಸಣ್ಣ ಪೊರೆ ಮೈಕಿನಿಂದ ಬಂದ ಸರಳ ಸರ್ಕ್ಯೂಟಿಗೆ. ಆ ಸರ್ಕ್ಯೂಟ್ ಏನನ್ನೂ ತಗ್ಗಿಸೋದಿಲ್ಲ, ಯಾಕಂದರೆ ಷೋಪ್ಸ್ ಕ್ಯಾಪ್ಸೂಲಿಗೆ ಅದರ ಅಗತ್ಯವೇ ಇರಲಿಲ್ಲ. ನ್ಯೂಮನ್ನಿನದು ಖಾರ ಮುಂದಾಗ್ತದೆ ಅಂತ ಗೊತ್ತಿದ್ದೇ ಬೆಲ್ಲ ಹಾಕಿದ ಸಾರು. ಇವರು ಬೆಲ್ಲ ಬಿಟ್ಟು ಖಾರದ ಪುಡಿಯ ಅಳತೆ ಮಾತ್ರ ನಕಲು ಮಾಡಿದ್ದಾರೆ. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ "ಆಹಾ, ಎಷ್ಟು ಸ್ಪಷ್ಟ" ಅನ್ನಿಸ್ತದೆ. ಮೂರು ಟ್ರ್ಯಾಕ್ ಕೋರಸ್ ಒಂದರ ಮೇಲೊಂದು ಕೂರಿಸಿದರೆ ಹಲ್ಲು ಜುಂ ಅನ್ನೋ ಹಾಗೆ ಸಕಾರ.

ಹಾಗಂತ ಎಲ್ಲಾ ಅಗ್ಗದ ಮೈಕೂ ಹೀಗೇ ಅಲ್ಲ. ಕೆ47 ಮಾದರಿಯ ಕ್ಯಾಪ್ಸೂಲ್ ಹಾಕಿದವು ಸಿಗ್ತವೆ. ಯು 47 ವಂಶದ ಆ ಕ್ಯಾಪ್ಸೂಲಿಗೆ ಅಷ್ಟು ಗುಡ್ಡ ಇಲ್ಲ, ಅದೇ ಸರಳ ಸರ್ಕ್ಯೂಟಿಗೆ ಸರಿಯಾಗಿ ಹೊಂದ್ತದೆ. ಬೆಸುಗೆ ಹಾಕೋಕೆ ಬರೋರು ಸರ್ಕ್ಯೂಟಿಗೆ ತಗ್ಗಿಸೋ ಕೆಪಾಸಿಟರ್ ಸೇರಿಸ್ತಾರೆ, ಇಲ್ಲಾ ಕ್ಯಾಪ್ಸೂಲನ್ನೇ ಬದಲಾಯಿಸ್ತಾರೆ. ಜಗತ್ತಿನಾದ್ಯಂತ ಇದೊಂದು ದೊಡ್ಡ ಹವ್ಯಾಸ. ನನ್ನ ಮನೆಯವರು ಇದನ್ನ ಹವ್ಯಾಸ ಅನ್ನೋದಿಲ್ಲ, ಬೇರೆ ಏನೋ ಅಂತಾರೆ.

ಇನ್ನು ದೊಡ್ಡ ಕಂಪನಿಯದೆಲ್ಲ ಸಮ ಅಂತಲೂ ಅಲ್ಲ. ನ್ಯೂಮನ್ನಿನದೇ ಟಿಎಲ್‌ಎಂ 103, 1997ರದ್ದು, 5 ಕಿಲೋಹರ್ಟ್ಸ್ ಮೇಲೆ 4 ಡಿಬಿ ಬೇಕಂತಲೇ ಎತ್ತಿದ್ದಾರೆ. ತೆಳು ದನಿಗೆ, ಸಕಾರ ಜೋರಿದ್ದವರಿಗೆ ಅದನ್ನ ನಾನು ಪುಕ್ಕಟೆ ಸಿಕ್ಕರೂ ಕೊಡ್ಲಾರೆ. ಮಂದ್ರದಲ್ಲಿ ಗುಂಯ್‌ಗುಡೋ ಗಂಡಸು ದನಿಗೆ ಅದೇ ಅಮೃತ.

ರಾಯಚೂರ್_ರ‍್ಯಾಪರ್

ಗುರುಗಳೇ, ಇನ್ನೂ ಕೆಳಗಿನ ಲೆವೆಲ್ ಕೇಳ್ತೀನಿ, ಬೈಬೇಡಿ. ಸಾವಿರ ರೂಪಾಯಿದ್ದು ಬರುತ್ತಲ್ಲ, ಬಿಎಂ-800 ಅಂತ. ಅದೂ ದೊಡ್ಡ ಡಯಾಫ್ರಮ್ಮೇ ಅಂತ ಡಬ್ಬದ ಮೇಲಿದೆ.

ಬೆಸುಗೆ_ಭಟ್ರು

ಆ ಹೆಸರಲ್ಲಿ ಯಾರು ಬೇಕಾದರೂ ಮಾರ್ತಾರೆ, ಒಳಗಿರೋದು ಡಬ್ಬದಿಂದ ಡಬ್ಬಕ್ಕೆ ಬೇರೆ. ತುಂಬಾ ಸಲ ಜಾಲರಿ ಬಿಚ್ಚಿದರೆ ಬೆರಳ ತುದಿಯಷ್ಟು, ಅಗ್ಗದ ಹೆಡ್‌ಸೆಟ್ಟಿನಲ್ಲಿರೋ ಥರದ ಎಲೆಕ್ಟ್ರೆಟ್ ಮೈಕು ದೊಡ್ಡ ಪ್ಲಾಸ್ಟಿಕ್ ಬಿಲ್ಲೆಯ ನಡುವೆ ಕೂತಿರ್ತದೆ. ಮೊಬೈಲ್ ಟಾರ್ಚನ್ನ ಜಾಲರಿಯ ಹಿಂದಿನಿಂದ ಹಿಡಿದು ನೋಡಿ. ಚಿನ್ನದ ಬಣ್ಣದ ದುಂಡು ಪೊರೆ ನಡುವಿನಿಂದಲೋ ಅಂಚಿನಿಂದಲೋ ತಂತಿ ಹೊರಟಿದ್ದರೆ ನಿಜವಾದ ಕ್ಯಾಪ್ಸೂಲ್. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಕೊಳ್ಳೋರು ಟಾರ್ಚ್ ಬಿಟ್ಟು ಹೋಗಬೇಡಿ.

ಬರ್ಲಿನ್_ಕನ್ನಡಿಗ

ಭಟ್ರು ಯು 47 ಅಂದರು, ನಾನು ಸುಮ್ಮನಿರೋಕೆ ಆಗಲಿಲ್ಲ. ಗಿಯೋರ್ಗ್ ನ್ಯೂಮನ್ ಕಂಪನಿ ಕಟ್ಟಿದ್ದು ಈ ಊರಲ್ಲೇ, 1928ರಲ್ಲಿ. ಆಗಿನ ಸಿಎಂವಿ 3 ಮೈಕನ್ನ ಆಕಾರ ನೋಡಿ ಜನ "ನ್ಯೂಮನ್ ಬಾಟ್ಲಿ" ಅಂತಿದ್ದರು. ಯುದ್ಧದಲ್ಲಿ ಬಾಂಬು ಬೀಳೋಕೆ ಶುರುವಾದಾಗ ಕಾರ್ಖಾನೆಯನ್ನ ಗೆಫೆಲ್ ಅನ್ನೋ ಸಣ್ಣ ಊರಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಗೆಫೆಲ್ ಪೂರ್ವ ಜರ್ಮನಿಗೆ ಸೇರಿತು, ನ್ಯೂಮನ್ ಪಶ್ಚಿಮ ಬರ್ಲಿನ್ನಿನಲ್ಲಿ ಮತ್ತೆ ಶುರು ಮಾಡಿದರು. ಹಾಗಾಗಿ ಒಂದೇ ಬೇರಿನ ಎರಡು ಕಂಪನಿ ಆದವು, ಗೆಫೆಲ್‌ನದು ಇವತ್ತಿಗೂ ಇದೆ.

ಯು 47 ಬಂದದ್ದು 1949ರಲ್ಲಿ. ಅದರ ಜೀವ ವಿಎಫ್14 ಅನ್ನೋ ಟೆಲಿಫಂಕನ್ ವಾಲ್ವ್. ಟೆಲಿಫಂಕನ್ ಆ ವಾಲ್ವ್ ತಯಾರಿಸೋದನ್ನ ನಿಲ್ಲಿಸಿತು, ಉಳಿದ ದಾಸ್ತಾನು ಮುಗಿದ ಮೇಲೆ ಯು 47 ಕೂಡ ನಿಂತಿತು. ಈಗ ಹಳೇ ಯು 47ರ ಬೆಲೆಯಲ್ಲಿ ಅರ್ಧ ಮರ್ಯಾದೆ ಆ ವಾಲ್ವಿಗೇ ಸಲ್ಲಬೇಕು.

ಇನ್ನು ನಿಮ್ಮ ಇಂಟರ್‌ಫೇಸಿನ 48 ವೋಲ್ಟ್ ಬಟನ್. ವಾಲ್ವ್ ಮೈಕಿಗೆಲ್ಲ ಬೇರೆ ಪವರ್ ಪೆಟ್ಟಿಗೆ ಹೊರಬೇಕಿತ್ತು. 1966ರಲ್ಲಿ ನಾರ್ವೆಯ ರೇಡಿಯೋದವರು ಮೈಕಿನ ತಂತಿಯಲ್ಲೇ ಕರೆಂಟ್ ಬರಬೇಕು ಅಂತ ನ್ಯೂಮನ್ನರನ್ನ ಕೇಳಿದರು. ಅವರ ಸ್ಟುಡಿಯೋದಲ್ಲಿ ತುರ್ತು ದೀಪಕ್ಕೆ ಅಂತ 48 ವೋಲ್ಟ್ ಲೈನ್ ಮೊದಲೇ ಇತ್ತು, ಅದನ್ನೇ ಬಳಸಿದರು. ಹಾಗೆ ಕೆಎಂ 84 ಹುಟ್ಟಿತು. ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗೋ ದೇಶ, ದೀಪದ ವ್ಯವಸ್ಥೆ ಇಲ್ಲದೆ ಇರುತ್ತಾ. ಇವತ್ತು ತೀರ್ಥಹಳ್ಳಿಯ ಇಂಟರ್‌ಫೇಸಲ್ಲೂ ಅದೇ ನಂಬರ್.

ಹುಬ್ಬಳ್ಳಿ_ಹಾರ್ಮೋನಿ

ಬರ್ಲಿನ್ ಅಣ್ಣಾರು ಬಂದ್ರು ಅಂದ್ರ ಇತಿಹಾಸದ ಪಿರೇಡ್ ಸುರು. ಆದ್ರ ಈ ದೀಪದ ಕತಿ ಭಾರಿ ಐತಿ.

ಕುಡ್ಲದ_ಕಿವಿ

ಮಳೆಗಾಲದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ವಲ್ಲ ಮಾರಾಯ್ರೆ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಚಪ್ಪಲಿಗೂ ಬೂಷ್ಟು ಬರ್ತದೆ, ಮೈಕ್ ಯಾವ ಲೆಕ್ಕ.

ಕಂಡೆನ್ಸರ್ ಒಳಗೆ ಪೊರೆಗೂ ಹಿಂದಿನ ತಗಡಿಗೂ ನಡುವೆ ಕೂದಲೆಳೆಯಷ್ಟು ಜಾಗ, ಅದಕ್ಕೆ ಹತ್ತಾರು ವೋಲ್ಟ್ ಕೊಟ್ಟಿರ್ತಾರೆ. ಆ ಚಾರ್ಜು ಸೋರಿ ಹೋಗಬಾರದು ಅಂತ ಒಂದು ಗಿಗಾ ಓಮ್, ಅಂದ್ರೆ ನೂರು ಕೋಟಿ ಓಮ್ ರೆಸಿಸ್ಟರ್ ಹಾಕಿರ್ತಾರೆ. ಅಷ್ಟು ಸೂಕ್ಷ್ಮದ ಜಾಗದಲ್ಲಿ ಧೂಳಿನ ಮೇಲೆ ತೇವ ಕೂತ್ರೆ ಅದೇ ದಾರಿ ಮಾಡ್ಕೊಂಡು ಚಾರ್ಜು ಸೋರ್ತದೆ. ಆಗ ಕೇಳೋದು ಎಂತದು? ಪಟ್ ಪಟ್, ಚಟ್ ಚಟ್, ಒಲೆಗೆ ಹಸಿ ಸೌದೆ ಹಾಕಿದ್ರೆ ಬರೋ ಸದ್ದು. ಮೈಕ್ ಹೋಯ್ತು ಅಂತ ತುಂಬಾ ಜನ ಗಾಬರಿ ಬೀಳ್ತಾರೆ. ಒಣಗಿದ್ರೆ ಸಾಧಾರಣ ಸರಿ ಆಗ್ತದೆ. ಆದ್ರೆ ಬೂಷ್ಟು ಪೊರೆಗೇ ಹಿಡಿದ್ರೆ ಕ್ಯಾಪ್ಸೂಲ್ ಬದಲು ಮಾಡದೆ ಬೇರೆ ದಾರಿ ಇಲ್ಲ.

ಹಾಡಿ ಆದ ಕೂಡ್ಲೆ 48 ವೋಲ್ಟ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕಳಚಿ, ಅಡುಗೆಮನೆಯ ಗಾಳಿಯಾಡದ ದೊಡ್ಡ ಡಬ್ಬಿಗೆ ಹಾಕಿ. ಒಳಗೆ ಸಿಲಿಕಾ ಜೆಲ್ ಇರ್ಲಿ, ಬಣ್ಣ ಬದಲಾಗೋದು ತಗೊಂಡ್ರೆ ಯಾವಾಗ ಹುರಿದು ಒಣಗಿಸ್ಬೇಕು ಅಂತ ಗೊತ್ತಾಗ್ತದೆ. ಕ್ಯಾಮರಾದವರ ಡ್ರೈ ಕ್ಯಾಬಿನೆಟ್ ಉಂಟಾದ್ರೆ ಶೇಕಡ 45 ಹತ್ರ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡೋದು ಬೇಡವೇ ಬೇಡ, ಅಕ್ಕಿ ಹುಡಿ ಒಳಗೆ ಹೋಗ್ತದೆ. ಬಿಸಿಲಿಗೆ ಇಡೋದು, ಹೇರ್ ಡ್ರೈಯರ್ ಹಿಡಿಯೋದು, ಎರಡೂ ಬೇಡ. ಪಾಪ್ ಫಿಲ್ಟರ್ (ಬಾಯಿಗೂ ಮೈಕಿಗೂ ನಡುವೆ ಇಡೋ ಪರದೆ) ಇಲ್ಲದೆ ಹಾಡ್ಲೇಬೇಡಿ, ಉಸಿರಿನ ತೇವವೂ ತೇವವೇ.

ತುಂಗಾತೀರ

ಇಷ್ಟೆಲ್ಲ ಬರೀತೀರಿ ಅಂದ್ಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಶ್ರುತಿಪೆಟ್ಟಿಗೆ ಸರ್ ಕೇಳಿದ್ದಕ್ಕೆ: ರಾತ್ರಿ ಊಟ ಆದ ಮೇಲೆ ಹಾಡ್ತೀನಿ. ಮಳೆ ಇದ್ದರೆ ಹಂಚಿನ ಮೇಲೆ ಬೀಳೋ ಸದ್ದಿಗೆ ಆಗಲ್ಲ, ಮಳೆ ನಿಂತರೆ ಕಪ್ಪೆಗಳು ಶುರು. ಶ್ರುತಿ ಮೊಬೈಲ್ ಸ್ಪೀಕರಲ್ಲಿ ಪಕ್ಕಕ್ಕೆ ಇಟ್ಕೊಳ್ತೀನಿ. ದೂರ ಒಂದು ಮೊಳ ಇರಬಹುದು, ತಾರಸ್ಥಾಯಿಗೆ ಹೋದಾಗ ಇನ್ನೂ ಹಿಂದೆ ಸರೀತೀನಿ. ಗೋಡೆಗೆ ಹಚ್ಚೋಕೆ ಒಂದಿಂಚಿನ ಕಪ್ಪು ಫೋಮ್ ತರಿಸಬೇಕು ಅಂತಿದ್ದೆ, ತರಿಸ್ಲಾ?

ಶ್ರುತಿಪೆಟ್ಟಿಗೆ

ಫೋಮ್ ಬೇಡ. ಒಂದಿಂಚಿನ ಫೋಮ್ ತೀರಾ ಮೇಲಿನ ದನಿಯನ್ನ ಮಾತ್ರ ತಿನ್ನುತ್ತೆ, ನಡುವಿನ ದನಿಯ ಪ್ರತಿಧ್ವನಿ ಹಾಗೇ ಉಳಿದು ಡಬ್ಬದೊಳಗಿಂದ ಹಾಡಿದ ಹಾಗಿರುತ್ತೆ. ಮೊಟ್ಟೆ ಟ್ರೇ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ನಿಮ್ಮ ಮನೆಯಲ್ಲಿ ಹತ್ತಿ ಹಾಸಿಗೆ ಇದೆಯಲ್ವಾ? ದಪ್ಪ ಕಂಬಳಿ? ಅದೇ ಸಾಕು. ಖರ್ಚು ಮಾಡಲೇಬೇಕು ಅಂದರೆ ರಾಕ್‌ವೂಲ್ ಹಲಗೆ ತಂದು, ನಾಲ್ಕಿಂಚು ದಪ್ಪ ಆಗೋ ಹಾಗೆ ಮರದ ಚೌಕಟ್ಟಿಗೆ ತುಂಬಿ, ಬಟ್ಟೆ ಹೊದಿಸಿ.

ಎಲ್ಲಿ ನಿಲ್ಲಿಸಬೇಕು ಅನ್ನೋದೇ ಮುಖ್ಯ. ಎಲ್ಲರೂ ಮೈಕಿನ ಬೆನ್ನ ಹಿಂದೆ ತಡೆ ಕಟ್ಟುತ್ತಾರೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ಹೇಗೂ ಕೇಳಿಸೋದು ಕಡಿಮೆ, ಅದು ದಿಟ್ಟಿಸಿ ಕೇಳೋದು ಹಾಡೋರ ಬೆನ್ನ ಹಿಂದಿನ ಗೋಡೆಯನ್ನ. ಹಾಸಿಗೆಯನ್ನ ನಿಮ್ಮ ಹಿಂದೆ ನಿಲ್ಲಿಸಿ, ಎರಡೂ ಪಕ್ಕಕ್ಕೆ ಕಂಬಳಿ ಇಳಿಬಿಡಿ, ಕಾಲಕೆಳಗೆ ಜಮಖಾನ ಹಾಸಿ. ಗಾರೆ ನೆಲ ಕನ್ನಡಿ ಇದ್ದ ಹಾಗೆ ದನಿ ವಾಪಸ್ ಎಸೆಯುತ್ತೆ. ಕಿಟಕಿಯೋ ಕಪ್ಪೆಯೋ ಯಾವ ಕಡೆ ಇದೆ ನೋಡಿ, ಮೈಕಿನ ಬೆನ್ನು ಆ ಕಡೆಗೆ ಬರಲಿ. ಗೋಡೆಗೆ ಅಂಟಿಕೊಂಡೂ ಬೇಡ, ರೂಮಿನ ನಟ್ಟನಡುವೆಯೂ ಬೇಡ.

10 ಅಡಿ ಗೋಡೆಗಳ ನಡುವೆ 56 ಹರ್ಟ್ಸ್ ಹತ್ತಿರ ಒಂದು ಗುಂಯ್‌ಗಾಟ ನಿಲ್ಲುತ್ತೆ. ಮೃದಂಗಕ್ಕಾದರೆ ತಲೆನೋವು. ನಿಮ್ಮ ದನಿ ಅಷ್ಟು ಕೆಳಗೆ ಇಳಿಯೋದೇ ಇಲ್ಲ, 80 ಹರ್ಟ್ಸ್‌ನಲ್ಲಿ ಲೋ ಕಟ್ (ಅದರ ಕೆಳಗಿನ ದನಿ ಕತ್ತರಿಸೋ ಫಿಲ್ಟರ್) ಹಾಕಿ ಮರೆತುಬಿಡಿ.

ದೂರದ ವಿಷಯ. ಒಂದು ಮೊಳ ಜಾಸ್ತಿ, ಒಂದು ಗೇಣು ಸಾಕು. ಹತ್ತಿರ ಬಂದಷ್ಟೂ ಕಾರ್ಡಿಯಾಯ್ಡ್ ಮೈಕಲ್ಲಿ ಕೆಳಗಿನ ದನಿ ತುಂಬಿಕೊಳ್ಳುತ್ತೆ, ಸಾಮೀಪ್ಯದ ಪರಿಣಾಮ ಅದು. ತೆಳು ದನಿಯವರಿಗೆ ಪುಕ್ಕಟೆ ಸಿಗೋ ಮೈಕಟ್ಟು. ಆದರೆ ತಾರಸ್ಥಾಯಿಗೆ ಹೋದಾಗ ಒಂದಡಿ ಹಿಂದೆ ಸರಿದರೆ ಆ ತುಂಬು ಹೋಗಿ ರೂಮು ಒಳಗೆ ಬರುತ್ತೆ, ಒಂದೇ ಸಾಲಿನಲ್ಲಿ ಇಬ್ಬರು ಹಾಡಿದ ಹಾಗೆ. ಸರಿಯೋದಾದರೆ ನಾಲ್ಕು ಬೆರಳಷ್ಟು ಸರಿಯಿರಿ, ಇಲ್ಲಾ ಮುಖ ಸ್ವಲ್ಪ ಹೊರಳಿಸಿ. ಗೇನನ್ನ ಜೋರು ಸಾಲಿಗೇ ಇಡಿ, ಮೀಟರಲ್ಲಿ ಮೈನಸ್ 12 ಡಿಬಿ ಹತ್ತಿರ ಮುಟ್ಟಿದರೆ ಸಾಕು, 24 ಬಿಟ್ಟಿನಲ್ಲಿ ಮೆತ್ತಗಿನ ಸಾಲು ಎಲ್ಲೂ ಹೋಗೋದಿಲ್ಲ.

ಕೋನ: ಮೈಕನ್ನ ಮೂಗಿನ ಮಟ್ಟಕ್ಕೆ ಏರಿಸಿ, ಸ್ವಲ್ಪ ಕೆಳಮುಖ ಮಾಡಿ, ಪಕ್ಕಕ್ಕೆ ಒಂದು 20 ಡಿಗ್ರಿ ತಿರುಗಿಸಿ. ಪ, ಫ, ಭ ಅನ್ನುವಾಗ ಬರೋ ಗಾಳಿ ಗಲ್ಲದ ಕಡೆಗೆ ಹೋಗುತ್ತೆ, ಪೊರೆಗೆ ಬಡಿಯೋದಿಲ್ಲ. ಅಂಗೈ ಮುಂದೆ ಹಿಡಿದು "ಭಾಗ್ಯದ ಫಲ" ಅನ್ನಿ, ಗಾಳಿ ಎಲ್ಲಿಗೆ ಬೀಳುತ್ತೆ ಅಂತ ಗೊತ್ತಾಗುತ್ತೆ. ಮೈಕ್ ಅಲ್ಲಿರಬಾರದು.

ಶ್ರುತಿಯನ್ನ ಮಾತ್ರ ದಯವಿಟ್ಟು ಹೆಡ್‌ಫೋನಿಗೆ ಹಾಕಿ, ಹಿಂಬದಿ ಮುಚ್ಚಿರೋದು. ಒಂದು ಕಿವಿ ತೆರೆದಿಟ್ಟುಕೊಂಡರೆ ನಿಮ್ಮ ದನಿ ನಿಮಗೆ ಕೇಳುತ್ತೆ. ಸ್ಪೀಕರಿನ ಶ್ರುತಿ ದನಿಯ ಟ್ರ್ಯಾಕಿಗೆ ಇಳಿದುಬಿಟ್ಟರೆ ಆಮೇಲೆ ಎರಡು ಟೇಕ್ ಜೋಡಿಸುವಾಗ ಪ್ರತಿ ಕತ್ತರಿ ಕೇಳಿಸುತ್ತೆ, ಕಂಪ್ರೆಸರ್ (ಜೋರಿಗೂ ಮೆತ್ತಗಿನದಕ್ಕೂ ಅಂತರ ಕಡಿಮೆ ಮಾಡೋದು) ಹಾಕಿದರಂತೂ ಉಸಿರಿನ ಜಾಗದಲ್ಲೆಲ್ಲ ತಂಬೂರಿ ಎದ್ದು ಬರುತ್ತೆ.

ಬಡಗುತಿಟ್ಟು

ನಡುವೆ ಬಾಯಿ ಹಾಕ್ತೆ. ನಮ್ಮ ಭಾಗವತರ ಪದ ರೆಕಾರ್ಡ್ ಮಾಡುಕೆ ಇಂಥ ಸೂಕ್ಷ್ಮ ಮೈಕ್ ಆಗ್ತಾ? ಏರುಪದಕ್ಕೆ ಬಂದ್ರೆ ಅವರ ಸ್ವರಕ್ಕೆ ಹಂಚು ಹಾರ್ತು.

ಬೆಸುಗೆ_ಭಟ್ರು

ಆಗ್ತದೆ. ಎನ್‌ಟಿ1-ಎ 137 ಡಿಬಿವರೆಗೆ ತಡೀತದೆ, ಎಟಿ2035 ಇನ್ನೂ ಮೇಲೆ, 148. ಅದರಲ್ಲಿ 10 ಡಿಬಿ ಇಳಿಸೋ ಸ್ವಿಚ್ ಕೂಡ ಇದೆ. ಮನುಷ್ಯರ ದನಿಗೆ ಮೈಕ್ ಒಡೆಯೋದು ಅಪರೂಪ, ಒಡೆಯೋದು ಇಂಟರ್‌ಫೇಸಿನ ಪ್ರಿಆಂಪು. ಸ್ವಿಚ್ ಹಾಕಿ, ಎರಡಡಿ ದೂರ ಇಡಿ. ಚೆಂಡೆ ಮಾತ್ರ ಮೈಕಿನ ಬೆನ್ನ ಕಡೆ ಕೂರಲಿ, ಇಲ್ಲದಿದ್ದರೆ ಅದು ಚೆಂಡೆಯ ರೆಕಾರ್ಡಿಂಗೇ ಆಗ್ತದೆ.

ತುಂಗಾತೀರ

ಹಾಸಿಗೆ ನಿಲ್ಲಿಸಿ ಮೊಬೈಲಲ್ಲೇ ಹಾಡಿ ನೋಡಿದೆ. ಮನೆಯವರು "ಇದೇನು, ಮೈಕ್ ಬಂತಾ?" ಅಂದರು. ಈಗ ಎಟಿ2035 ಮತ್ತು ಐದನೇ ತಲೆಮಾರಿನ ಎನ್‌ಟಿ1 ನಡುವೆ ನಿಂತಿದೀನಿ. ಶಿವಮೊಗ್ಗದಲ್ಲಿ ಪರಿಚಯದವರ ಹತ್ರ ಎರಡೂ ಇದೆ, ಹಾಡಿ ನೋಡಿ ಅಂದಿದಾರೆ. ಏನು ಗಮನಿಸಬೇಕು?

ಶ್ರುತಿಪೆಟ್ಟಿಗೆ

ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ಒಂದೇ ಟೇಕಲ್ಲಿ ಹಾಡಿ, ಬೇರೆ ಬೇರೆ ಹಾಡಿದರೆ ಮೈಕ್ ಅಲ್ಲ, ನಿಮ್ಮ ಮೂಡು ಹೋಲಿಸಿದ ಹಾಗಾಗುತ್ತೆ. ಫೈಲುಗಳನ್ನ ಒಂದೇ ಜೋರಿಗೆ ತನ್ನಿ. ಒಂದು ಡಿಬಿ ಜೋರಿದ್ದರೂ ಅದೇ ಚೆಂದ ಅನ್ನಿಸುತ್ತೆ, ಕಿವಿಯ ಗುಣವೇ ಹಾಗೆ. ಆಮೇಲೆ ಹೆಸರು ಮುಚ್ಚಿಟ್ಟು ಬೇರೆಯವರಿಂದ ಪ್ಲೇ ಮಾಡಿಸಿ ಕೇಳಿ. ಸಕಾರ ಜಾಸ್ತಿ ಇರೋ ಒಂದು ಸಾಲು, ಮಂದ್ರದ ಒಂದು ಸಾಲು, ಉಸಿರಲ್ಲಿ ಹಾಡೋ ಒಂದು ಸಾಲು. ನಾಲ್ಕು ನಿಮಿಷದ ಹಾಡು ಪೂರ್ತಿ ಕೇಳಿದರೂ ಕಿವಿ ದಣಿಯಬಾರದು, ಸ್ಪಷ್ಟತೆಗಿಂತ ನಾನು ಅದಕ್ಕೇ ಹೆಚ್ಚು ಅಂಕ ಕೊಡೋದು.

ಬೆಸುಗೆ_ಭಟ್ರು

ನನ್ನ ಊಹೆ ಎನ್‌ಟಿ1. ಅದರ ಹಳೇ ಅಣ್ಣ ಎನ್‌ಟಿ1-ಎ ಮೇಲುದನಿ ಸ್ವಲ್ಪ ಎತ್ತಿದ ಮೈಕು, ಕೊನೆಯ "ಎ" ಇದೆಯೋ ಇಲ್ಲವೋ ನೋಡಿ ತಗೊಳ್ಳಿ. ಒಂದಕ್ಷರ ಅಂತ ಬಿಟ್ಟರೆ ಬೇರೆ ದನಿಯೇ ಮನೆಗೆ ಬರ್ತದೆ.

ತುಂಗಾತೀರ

ಹೆಸರು ಮುಚ್ಚಿ ಕೇಳಿದೆವು. ನನಗೂ ಅವರಿಗೂ ಎನ್‌ಟಿ1 ಹಿಡಿಸಿತು. ಎಟಿಯಲ್ಲಿ ಅಕ್ಷರ ಚೆನ್ನಾಗಿ ಬಿಡಿಬಿಡಿಯಾಗಿ ಕೇಳುತ್ತೆ, ಆದರೆ "ಸಂಜೆ", "ಶಾಂತ" ಅಂದಾಗ ಚುಚ್ಚುತ್ತೆ. ತಿರುಗಿಸಿ ಇಟ್ಟಾಗ ಎರಡರಲ್ಲೂ ಕಡಿಮೆ ಆಯ್ತು, ಇದು ನಿಜವಾಗ್ಲೂ ಕೆಲಸ ಮಾಡುತ್ತೆ. ಬಜೆಟ್ಟಿನೊಳಗೇ ಸಿಕ್ತು, ಆರ್ಡರ್ ಹಾಕಿದೀನಿ. ಇದರಲ್ಲಿ ಯುಎಸ್‌ಬಿ ಕೂಡ ಇದೆಯಂತೆ, 32 ಬಿಟ್ ಫ್ಲೋಟ್ ಅಂತೆ. ಹಾಗಾದ್ರೆ ನನ್ನ ಇಂಟರ್‌ಫೇಸ್ ವ್ಯರ್ಥನಾ?

ಶ್ರುತಿಪೆಟ್ಟಿಗೆ

ವ್ಯರ್ಥ ಅಲ್ಲ. 32 ಬಿಟ್ ಫ್ಲೋಟ್ ಯುಎಸ್‌ಬಿ ದಾರಿಯಲ್ಲಿ ಮಾತ್ರ ಸಿಗುತ್ತೆ, ಗೇನ್ ತಪ್ಪಿದರೂ ಆಮೇಲೆ ಇಳಿಸಿಕೊಳ್ಳಬಹುದು ಅಷ್ಟೇ. ರೂಮನ್ನ ಅದು ಸರಿ ಮಾಡಲ್ಲ. ಒಬ್ಬರೇ ಹಾಡಿದರೆ ಯುಎಸ್‌ಬಿ ಸಾಕು. ತಬಲಕ್ಕೋ ಹಾರ್ಮೋನಿಯಂಗೋ ಇನ್ನೊಂದು ಮೈಕ್ ಸೇರಿತು ಅಂದರೆ ಇಂಟರ್‌ಫೇಸ್, ಎಕ್ಸ್‌ಎಲ್‌ಆರ್ ಕೇಬಲ್, 48 ವೋಲ್ಟ್.

ರಾಯಚೂರ್_ರ‍್ಯಾಪರ್

ಅಕ್ಕಾ, ಮೈಕ್ ತುದಿಗೆ ಬಾಯಿ ಇಟ್ಟು ಹಾಡಬೇಕಾ, ಪಕ್ಕಕ್ಕಾ? ನಮ್ಮ ಗ್ಯಾಂಗಲ್ಲಿ ಅರ್ಧ ಜನ ತುದಿಗೇ ಹಾಡ್ತಾರೆ.

ಬೆಸುಗೆ_ಭಟ್ರು

ಪಕ್ಕಕ್ಕೆ. ಇವೆಲ್ಲ ನಿಂತ ಮೈಕು, ಪೊರೆ ಅಡ್ಡ ನೋಡ್ತಿರ್ತದೆ, ತುದಿಗೆ ಹಾಡಿದರೆ ಕಿವಿಯ ಮೇಲೆ ಹಾಡಿದ ಹಾಗೆ. ಯಾವ ಪಕ್ಕ ಅನ್ನೋದಕ್ಕೆ ರೋಡ್‌ನವರು ಮೈಮೇಲೆ ಬಂಗಾರದ ಬಣ್ಣದ ಚುಕ್ಕೆ ಇಟ್ಟಿರ್ತಾರೆ, ಅದು ಹಾಡೋರ ಕಡೆ ಬರಲಿ. ಬೇರೆ ಕಂಪನಿಯದ್ದಾದರೆ ಸಾಧಾರಣ ಹೆಸರೋ ಲೋಗೋನೋ ಇರೋದೇ ಮುಖ. ಸಂಶಯ ಬಂದರೆ ಎರಡೂ ಕಡೆಯಿಂದ ಒಂದು "ಹಲೋ" ಅನ್ನಿ, ಯಾವ ಕಡೆ ಮಂಕಾಗ್ತದೋ ಅದು ಬೆನ್ನು.